ಸೆರೆಮನೆಯ ಬಾಗಿಲು ದಾಟಿದ ಮೇಲೆ

ವ್ಯಸನವು ಒಬ್ಬನ ದೇಹವನ್ನಷ್ಟೇ ಅಲ್ಲ, ಇಡೀ ಮನೆತನವನ್ನು ಸುಡುವ ಬೆಂಕಿ. ವ್ಯಸನಿಯು ಅಪರಾಧಕ್ಕೆ ಸಿಲುಕಿ ಸೆರೆಮನೆ ಸೇರಿದಾಗ ‘ಇನ್ನಾದರೂ ಚಟ ಬಿಟ್ಟೀತು’ ಎಂದು ಬಂಧುಗಳು ಸಮಾಧಾನ ತಾಳುವುದುಂಟು. ಆದರೆ ಎಷ್ಟೇ ಎತ್ತರದ ಗೋಡೆಯೂ ಮಾದಕ ದ್ರವ್ಯವನ್ನು ಸಂಪೂರ್ಣವಾಗಿ ತಡೆಯಲಾರದೆಂಬುದು ಲೋಕದ ಅನುಭವ.

ಸ್ಕಾಟ್ಲೆಂಡಿನ ನಿದರ್ಶನವನ್ನು ನೋಡಬಹುದು. ಅಲ್ಲಿ ಕಾಗದವನ್ನು ಮಾದಕ ದ್ರಾವಣದಲ್ಲಿ ನೆನೆಸಿ, ಒಣಗಿಸಿ, ಅಂಚೆಯ ಮೂಲಕ ಕೈದಿಗಳಿಗೆ ಕಳುಹಿಸುತ್ತಿದ್ದರು. ಮನೆಯ ಓಲೆಯಂತೆ ಕಾಣುವ ಹಾಳೆಯೇ ವಿಷದ ವಾಹಕವಾಗಿತ್ತು. ಆದಕಾರಣ 2021ರ ಡಿಸೆಂಬರಿನಿಂದ ಕೈದಿಗಳಿಗೆ ಮೂಲ ಪತ್ರದ ಬದಲು ಅದರ ಜೆರಾಕ್ಸ್ ಪ್ರತಿಯನ್ನು ಕೊಡುವ ಪದ್ಧತಿ ಬಂದಿತು. ಆದರೂ ಒಂದು ದಾರಿ ಮುಚ್ಚಿದರೆ ಕಳ್ಳಸಾಗಣೆಗಾರರು ಡ್ರೋನಿನಂತಹ ಇನ್ನೊಂದು ದಾರಿ ಹುಡುಕುತ್ತಾರೆ. ತಪಾಸಣೆ ಬೇಕು, ಅದೊಂದೇ ಸಾಲದು.

ಇದಕ್ಕಿಂತ ದೊಡ್ಡ ಅಪಾಯವು ಬಿಡುಗಡೆಯ ನಂತರ ಕಾದಿರುತ್ತದೆ. ಅಮೆರಿಕೆಯ ವಾಷಿಂಗ್ಟನ್ ರಾಜ್ಯದಲ್ಲಿ ಬಿಡುಗಡೆಗೊಂಡ ಮೂವತ್ತು ಸಾವಿರಕ್ಕೂ ಹೆಚ್ಚು ಕೈದಿಗಳ ಅಧ್ಯಯನವು 2007ರಲ್ಲಿ ಪ್ರಕಟವಾಯಿತು. ಮೊದಲ ಎರಡು ವಾರಗಳಲ್ಲಿ ಮಿತಿಮೀರಿದ ಮಾದಕ ಸೇವನೆಯಿಂದ ಅವರು ಸಾಯುವ ಸಂಭವ ಇತರ ಜನರಿಗಿಂತ 129 ಪಟ್ಟು ಅಧಿಕವಾಗಿತ್ತು. ಕಾರಣ ಸರಳ. ಸೆರೆವಾಸದಲ್ಲಿ ಸೇವನೆ ನಿಂತಾಗ ದೇಹದ ತಾಳಿಕೆ ಕುಗ್ಗುತ್ತದೆ; ಹೊರಬಂದವನು ಹಳೆಯ ಪ್ರಮಾಣವನ್ನೇ ತೆಗೆದುಕೊಂಡರೆ ಉಸಿರು ನಿಲ್ಲುತ್ತದೆ.

ಸ್ಕಾಟ್ಲೆಂಡಿನಲ್ಲಿ 2011ರಿಂದ, ಅಪಾಯವಿರುವ ಕೈದಿಗಳಿಗೆ ಬಿಡುಗಡೆಯ ವೇಳೆ ನಲೊಕ್ಸೋನ್ ಎಂಬ ಔಷಧವನ್ನು ಕೊಡುತ್ತಾರೆ. ಅಫೀಮು, ಹೆರಾಯಿನ್ ಜಾತಿಯ ದ್ರವ್ಯಗಳಿಂದ ನಿಲ್ಲುತ್ತಿರುವ ಉಸಿರನ್ನು ಅದು ಮರಳಿಸಬಲ್ಲದು. ನಮ್ಮ ತಿಹಾರ್ ಕಾರಾಗೃಹದಲ್ಲಿಯೂ ಇಂತಹ ವ್ಯಸನಿಗಳಿಗೆ ಬದಲಿ ಔಷಧದ ಚಿಕಿತ್ಸೆ 2008ರಲ್ಲಿ ಆರಂಭವಾಯಿತು. ವ್ಯಸನವನ್ನು ರೋಗವೆಂದು ಕಂಡಾಗ ಮಾತ್ರ ಇಂತಹ ಕಾರ್ಯ ಸಾಧ್ಯ.

ಈ ದೃಷ್ಟಿ ನಮಗೆ ಹೊಸದಲ್ಲ. ಇಳಕಲ್ಲಿನ ಲಿಂಗೈಕ್ಯ ಡಾ. ಮಹಾಂತ ಶಿವಯೋಗಿಗಳು ಜೋಳಿಗೆ ಹಿಡಿದು ಮನೆಮನೆಗೆ ಹೋಗಿ ಕಾಳುಕಡಿ ಬೇಡಲಿಲ್ಲ. ದುಶ್ಚಟಗಳನ್ನೇ ಭಿಕ್ಷೆಯಾಗಿ ಬೇಡಿದರು. ಅವರ ಜನ್ಮದಿನವಾದ ಆಗಸ್ಟ್ 1 ಕರ್ನಾಟಕದಲ್ಲಿ ವ್ಯಸನಮುಕ್ತ ದಿನವಾಗಿದೆ.

ಆದುದರಿಂದ ಸೆರೆಯಿಂದ ಮರಳಿದ ಮಗನನ್ನು ಹೊಸ್ತಿಲಾಚೆ ನಿಲ್ಲಿಸಿ ಹಂಗಿಸಬಾರದು. ಮೊದಲ ವಾರಗಳಲ್ಲಿ ಅವನನ್ನು ಒಂಟಿಯಾಗಿ ಬಿಡದೆ ವೈದ್ಯರ ಬಳಿಗೆ ಕರೆದೊಯ್ಯಬೇಕು. ಸಲಹೆಗೆ 14446 ಎಂಬ ಉಚಿತ ಸಹಾಯವಾಣಿಯಿದೆ. ಎಬ್ಬಿಸಿದರೂ ಏಳದೆ, ಉಸಿರು ನಿಧಾನವಾಗಿ, ತುಟಿ ನೀಲಿಗಟ್ಟಿದರೆ ಮಾನಕ್ಕಂಜಿ ಬಾಗಿಲು ಮುಚ್ಚಿಕೊಳ್ಳದೆ ತಕ್ಷಣ 108ಕ್ಕೆ ಕರೆ ಮಾಡಬೇಕು. ಮನೆತನದ ಮಾನಕ್ಕಿಂತ ಜೀವ ದೊಡ್ಡದು. ದಯೆಯೇ ಧರ್ಮದ ಬೇರೆಂದು ನಂಬಿದ ನಾವು ಆ ದಯೆಯನ್ನು ಮೊದಲು ನಮ್ಮ ಮನೆಯಲ್ಲಿಯೇ ತೋರೋಣ.