ಚಿತ್ತಾರದ ಹುಚ್ಚು, ಮಗ್ಗದ ಲೆಕ್ಕ

ಬಣ್ಣದ ಹುಚ್ಚು ಕೆಲವರಿಗೆ ಹುಟ್ಟಿನಿಂದಲೇ ಬಂದಿರುತ್ತದೆ. ರಂಗವಲ್ಲಿಯ ಎಳೆಯಲ್ಲಿ, ಗುಡಿಯ ಕಂಬದ ಹೂಬಳ್ಳಿಯಲ್ಲಿ, ಅಜ್ಜಿಯ ಹಳೆಯ ಸೀರೆಯ ಸೆರಗಿನಲ್ಲಿ ಅವರಿಗೆ ಏನೋ ಕಾಣುತ್ತದೆ. ಅದನ್ನು ಚೌಕುಳಿ ಕಾಗದದ ಮೇಲೆ ಬರೆದುಕೊಳ್ಳದೆ ನಿದ್ದೆ ಬಾರದು. ನಿಮ್ಮ ಮನೆಯಲ್ಲಿಯೂ ಅಂಥವರೊಬ್ಬರಿದ್ದು, “ಇವನ್ನೆಲ್ಲ ಸೀರೆಯಾಗಿ ನೇಯಿಸಿ ಮಾರಿದರೆ ಹೇಗೆ?” ಎಂದು ಕೇಳಿದರೆ ಹಿರಿಯರು ಏನು ಹೇಳಬೇಕು? ಬೇಡವೆನ್ನುವುದು ಸುಲಭ. ಹೂಂ ಎನ್ನುವುದು ಇನ್ನೂ ಸುಲಭ. ಎರಡರಲ್ಲಿ ಯಾವುದನ್ನು ಹೇಳುವುದಕ್ಕೂ ಮುಂಚೆ ದೊಡ್ಡಬಳ್ಳಾಪುರಕ್ಕೆ ಒಮ್ಮೆ ಹೋಗಿ ಬರುವುದು ಒಳ್ಳೆಯದು.

ಬೆಂಗಳೂರಿಗೆ ಉತ್ತರದಲ್ಲಿ, ಸುಮಾರು 40 ಕಿಲೋಮೀಟರು ದೂರದಲ್ಲಿರುವ ಈ ಊರು ವಿದ್ಯುತ್ ಮಗ್ಗಗಳ ಊರು. ಒಂದೇ ಸೂರಿನಡಿಯಲ್ಲಿ ಸಂಸಾರವೂ ಮಗ್ಗವೂ ಇರುವ ಮನೆಗಳು ಇಲ್ಲಿ ಬಹಳ. ಹೊರಗಿನಿಂದ ನೋಡಿದರೆ ಎಲ್ಲ ಮಗ್ಗಗಳ ಸದ್ದೂ ಒಂದೇ. ಒಳಗಿನ ಲೆಕ್ಕ ಮಾತ್ರ ಎರಡು ಬಗೆ. ಕೂಲಿ ನೇಯ್ಗೆಯವರಿಗೆ ನೂಲನ್ನೂ ಚಿತ್ತಾರವನ್ನೂ ಬೇರೆಯವರು ಕೊಡುತ್ತಾರೆ. ಸೀರೆಗೆ ಇಷ್ಟೆಂದು ಕೂಲಿ ಕೊಟ್ಟು ಒಯ್ಯುತ್ತಾರೆ. ಸ್ವಂತ ನೇಯ್ಗೆಯವರಿಗೆ ನೂಲು ತಮ್ಮದು, ಚಿತ್ತಾರ ತಮ್ಮದು, ನಷ್ಟವೂ ತಮ್ಮದು.

ಚಿತ್ತಾರದ ಹುಚ್ಚುಳ್ಳವರು ಸಾಮಾನ್ಯವಾಗಿ ಮೊದಲು ಯೋಚಿಸುವುದು ಮಗ್ಗ ಕೊಳ್ಳುವುದನ್ನು. ಒಡವೆ ಅಡವಿಟ್ಟಾದರೂ ಕೊಂಡುಬಿಡಬೇಕೆನ್ನುತ್ತಾರೆ. ಇದು ತಲೆಕೆಳಗಾದ ಕ್ರಮ. ಇಂಥ ನೇಯ್ಗೆಯ ಊರಿನಲ್ಲಿ ನೂಲಿಗೆ ಹುರಿ ಹಾಕುವುದು, ಬಣ್ಣ ಕಟ್ಟುವುದು, ಹಾಸು ಹೂಡುವುದು, ನೇಯುವುದು ಇವೆಲ್ಲ ಬೇರೆ ಬೇರೆ ಕಸುಬುಗಳು. ಒಂದೊಂದನ್ನೂ ಕೂಲಿ ಕೊಟ್ಟು ಮಾಡಿಸಬಹುದು. ನಿಮ್ಮದೆಂದು ನಿಜವಾಗಿ ಇರುವುದು ಚಿತ್ತಾರ ಒಂದೇ. ಅದು ಮಾರಾಟವಾಗುತ್ತದೆಯೇ ಎಂಬುದು ಗೊತ್ತಾಗುವವರೆಗೆ ಮಗ್ಗ ಬೇರೆಯವರದಾಗಿಯೇ ಇರಲಿ. ಆರಂಭಕ್ಕೆ ಸಾಲ ಬೇಕೇ ಬೇಕೆಂದರೆ, 2015ರಲ್ಲಿ ಆರಂಭವಾದ ಮುದ್ರಾ ಯೋಜನೆಯ ‘ಶಿಶು’ ವಿಭಾಗದಲ್ಲಿ 50,000 ರೂಪಾಯಿಗಳವರೆಗೆ ಅಡಮಾನವಿಲ್ಲದೆ ದೊರೆಯುತ್ತದೆ. ಒಡವೆ ಪೆಟ್ಟಿಗೆಯಲ್ಲಿಯೇ ಇರಬಹುದು.

ಇನ್ನು ಚಿತ್ತಾರ ಸೀರೆಗೆ ಇಳಿಯುವ ಬಗೆ. ಫ್ರಾನ್ಸಿನ ಲಿಯೋನ್ ನಗರದ ಜಾಕಾರ್ಡ್ ಎಂಬಾತ 1804ರಲ್ಲಿ ರೂಪಿಸಿದ ಯಂತ್ರದ ಹೆಸರೇ ನಮ್ಮ ನೇಕಾರರ ಬಾಯಲ್ಲಿಯೂ ಉಳಿದಿದೆ. ತೂತು ಹೊಡೆದ ರಟ್ಟುಗಳ ಒಂದು ಮಾಲೆ ಮಗ್ಗದ ಮೇಲೆ ತಿರುಗುತ್ತದೆ. ಯಾವ ಎಳೆ ಏಳಬೇಕು, ಯಾವುದು ಏಳಬಾರದು ಎಂಬುದನ್ನು ಆ ತೂತುಗಳೇ ಹೇಳುತ್ತವೆ. ಲಾಳಿ ಒಮ್ಮೆ ಹಾಯ್ದು ಬೀಳುವ ಒಂದು ಹೊಕ್ಕಿಗೆ ಒಂದು ರಟ್ಟು. 400 ಹೊಕ್ಕುಗಳ ಹೂವಾದರೆ 400 ರಟ್ಟು. ಈಚೆಗೆ ರಟ್ಟಿನ ಬದಲು ಕಂಪ್ಯೂಟರಿನಿಂದ ನಡೆಯುವ ಜಾಕಾರ್ಡುಗಳೂ ಬಂದಿವೆ. ಆದರೂ ಕಾಗದದ ಚಿತ್ತಾರವನ್ನು ಎಳೆಯೆಳೆಯಾಗಿ ಬಿಡಿಸುವ ಶ್ರಮ ತಪ್ಪಿಲ್ಲ. ಆದುದರಿಂದ ಹೊಸಬರು ಮೊದಲಿಗೆ ಗಂಡಭೇರುಂಡದ ದೊಡ್ಡ ಸೆರಗಿಗೆ ಕೈಹಾಕದೆ, ಮತ್ತೆ ಮತ್ತೆ ಬರುವ ಸಣ್ಣ ಬುಟ್ಟಾ ಒಂದನ್ನು ಆರಿಸಿಕೊಳ್ಳುವುದು ಮೇಲು. ಮನಸ್ಸಿಗೆ ಇದು ಸ್ವಲ್ಪ ನೋವು. ಹುಚ್ಚು ಯಾವಾಗಲೂ ದೊಡ್ಡದನ್ನೇ ಬಯಸುತ್ತದೆ.

ಒಂದು ಹಾಸಿನಿಂದ ಒಂದು ಸೀರೆಯಲ್ಲ, ಹಲವು ಸೀರೆಗಳು ಇಳಿಯುತ್ತವೆ. ಹಾಸಿನ ಬಣ್ಣವಂತೂ ಎಲ್ಲಕ್ಕೂ ಒಂದೇ. ಆ ಬಣ್ಣ ಗಿರಾಕಿಗೆ ಹಿಡಿಸದಿದ್ದರೆ ಅಷ್ಟೂ ಸೀರೆ ಬೀರುವಿನಲ್ಲಿಯೇ!

ನೂಲಿನ ಲೆಕ್ಕದಲ್ಲಿ ಒಂದು ಗುಟ್ಟಿದೆ. ಕಚ್ಚಾ ರೇಷ್ಮೆಯ ಎಳೆಯ ಮೇಲೆ ಹುಳು ಬಿಟ್ಟ ಅಂಟೊಂದು ಇರುತ್ತದೆ. ಬಣ್ಣ ಕಟ್ಟುವ ಮೊದಲು ಸಾಬೂನು ನೀರಿನಲ್ಲಿ ಕುದಿಸಿ ಅದನ್ನು ತೆಗೆಯುತ್ತಾರೆ. ಹಾಗೆ ತೆಗೆದಾಗಲೇ ರೇಷ್ಮೆಗೆ ಹೊಳಪು. ಆದರೆ ಅಂಟಿನೊಡನೆ ತೂಕದ ಐದನೆಯ ಒಂದು ಪಾಲಿನಿಂದ ನಾಲ್ಕನೆಯ ಒಂದು ಪಾಲಿನವರೆಗೂ ಹೋಗುತ್ತದೆ. ಕಿಲೋಗ್ರಾಮಿಗೆ 4,000 ರೂಪಾಯಿ ಕೊಟ್ಟು ಕೊಂಡಿರೆಂದು ಇಟ್ಟುಕೊಳ್ಳಿ. ಮಗ್ಗಕ್ಕೆ ಏರುವ ನೂಲಿನ ಬೆಲೆ ನಿಜವಾಗಿ ಕಿಲೋಗ್ರಾಮಿಗೆ 5,000ದಿಂದ 5,300 ಆಯಿತು; ಬಣ್ಣದ ಖರ್ಚು ಬೇರೆ. ಇದನ್ನು ಮರೆತವರಿಗೆ ಪುಸ್ತಕದಲ್ಲಿ ಲಾಭ ಕಾಣುತ್ತದೆ, ಪೆಟ್ಟಿಗೆಯಲ್ಲಿ ಕಾಣುವುದಿಲ್ಲ.

ಇದಕ್ಕಿಂತ ದೊಡ್ಡ ಮರೆವು ಮನೆಯವರ ದುಡಿಮೆಯದು. ನೇಕಾರರ ಮನೆಗಳಲ್ಲಿ ಕಂಡಿಕೆ ಸುತ್ತುವವರು, ಎಳೆ ಕಡಿದರೆ ಗಂಟು ಹಾಕುವವರು, ಸೀರೆ ಮಡಿಸಿಡುವವರು ಹೆಚ್ಚಾಗಿ ತಾಯಿಯೋ ಹೆಂಡತಿಯೋ ವಯಸ್ಸಾದ ಅತ್ತೆಯೋ ಆಗಿರುತ್ತಾರೆ. ಸೀರೆಯ ಬೆಲೆ ಕಟ್ಟುವಾಗ ಇವರ ಹೆಸರೇ ಬರುವುದಿಲ್ಲ. ಚಿತ್ತಾರ ಬರೆದವರ ಮೂರು ರಾತ್ರಿಗಳೂ ಬರುವುದಿಲ್ಲ. ಇಷ್ಟಪಟ್ಟು ಮಾಡಿದ್ದಕ್ಕೆ ಕೂಲಿಯೇ ಎಂದು ಸಂಕೋಚ. ನನ್ನ ಅಭಿಪ್ರಾಯದಲ್ಲಿ, ಅಮ್ಮನಿಗೆ ಕೂಲಿ ಕೊಡದಿರುವುದರಿಂದ ಮಾತ್ರ ಲಾಭ ಕಾಣುವ ಉದ್ಯಮ ಲಾಭದ ಉದ್ಯಮವೇ ಅಲ್ಲ. ಬೊಂಬಾಯಿಯ ಗಿರ್‌ಗಾಂವ್‌ನಲ್ಲಿ 1959ರ ಮಾರ್ಚ್ 15ರಂದು ಏಳು ಮಂದಿ ಹೆಂಗಸರು 80 ರೂಪಾಯಿ ಸಾಲದಿಂದ ಹಪ್ಪಳ ಮಾಡಲು ತೊಡಗಿದರು. ಮೊದಲ ದಿನ ಆದದ್ದು ನಾಲ್ಕು ಕಟ್ಟು. ಅದೇ ಲಿಜ್ಜತ್ ಸಂಸ್ಥೆ. ಅಲ್ಲಿ ಲಟ್ಟಿಸಿದ ಪ್ರತಿಯೊಬ್ಬಳ ದುಡಿಮೆಗೂ ಲೆಕ್ಕವಿದೆ, ಹಣವಿದೆ. ಹಪ್ಪಳಕ್ಕೆ ಸಲ್ಲುವ ನ್ಯಾಯ ಸೀರೆಗೇಕೆ ಸಲ್ಲಬಾರದು?

ಸೀರೆ ಚೆನ್ನಾಗಿ ಹೋಯಿತೆನ್ನಿ. ವಾರ ಕಳೆಯುವುದರೊಳಗೆ ಅದೇ ಹೂವು ಪಕ್ಕದ ಬೀದಿಯ ಮಗ್ಗದಲ್ಲಿಯೂ ಅರಳಬಹುದು. 2000ನೆಯ ಇಸವಿಯ ವಿನ್ಯಾಸ ಕಾಯಿದೆಯಂತೆ ಹೊಸ ಚಿತ್ತಾರವನ್ನು ನೋಂದಾಯಿಸಿಕೊಂಡರೆ 10 ವರ್ಷ, ಮತ್ತೆ ಕೇಳಿಕೊಂಡರೆ ಇನ್ನೂ 5 ವರ್ಷ ಅದು ನಿಮ್ಮದು. ಆದರೆ ಅರ್ಜಿ ಕೊಡುವುದು ಸೀರೆಯನ್ನು ನಾಲ್ಕು ಜನರಿಗೆ ತೋರಿಸುವ ಮೊದಲೇ ಆಗಬೇಕು. ಇನ್ನೊಂದು ಕಾಯಿದೆ 1985ರದು. ಅದು ಕೆಲವು ಬಗೆಯ ಬಟ್ಟೆಗಳನ್ನು, ಸೀರೆಗಳಲ್ಲಿಯೂ ಕೆಲವನ್ನು, ಕೈಮಗ್ಗಕ್ಕೇ ಮೀಸಲಿಟ್ಟಿದೆ. ವಿದ್ಯುತ್ ಮಗ್ಗದಲ್ಲಿ ನೇಯಿಸುವವರು ತಮ್ಮ ಅಂಚು ಸೆರಗುಗಳು ಆ ಪಟ್ಟಿಗೆ ಬೀಳುತ್ತವೆಯೇ ಎಂದು ಜವಳಿ ಇಲಾಖೆಯಲ್ಲಿ ಮುಂಚೆಯೇ ವಿಚಾರಿಸಿಕೊಳ್ಳಬೇಕು. ಅಪ್ಪಟ ರೇಷ್ಮೆಯೆಂದು ಮಾರುವವರಿಗೆ 2004ರಿಂದ ‘ಸಿಲ್ಕ್ ಮಾರ್ಕ್’ ಮುದ್ರೆಯ ಅನುಕೂಲವಿದೆ. ಕೃತಕ ರೇಷ್ಮೆಯನ್ನು ನೇಯಿಸಿದರೆ ಕೃತಕವೆಂದೇ ಹೇಳಿ ಮಾರಿ. ಅದಕ್ಕೂ ಗಿರಾಕಿಗಳಿದ್ದಾರೆ.

ಕೊನೆಗೆ ಉದ್ದರಿಯ ಮಾತು. ಸಣ್ಣ ಉದ್ಯಮಿಗಳಿಗಾಗಿ 2006ರಲ್ಲಿ ಆದ ಕಾಯಿದೆಯ ಪ್ರಕಾರ, ನೋಂದಾಯಿಸಿಕೊಂಡವರ ಸರಕಿಗೆ ಹಣ ಕೊಡಲು 45 ದಿನಗಳಿಗಿಂತ ಹೆಚ್ಚು ತೆಗೆದುಕೊಳ್ಳುವಂತಿಲ್ಲ. ತಡವಾದರೆ ಬಡ್ಡಿ ಸೇರಬೇಕು. ‘ಉದ್ಯಮ್’ ನೋಂದಣಿಗೆ ಖರ್ಚೂ ಇಲ್ಲ. ಆದರೆ ಸರಕೆಲ್ಲ ಒಬ್ಬನೇ ವರ್ತಕನಿಗೆ ಹೋಗುತ್ತಿದ್ದರೆ ಅವನ ಮೇಲೆ ದೂರು ಕೊಡುವ ಧೈರ್ಯ ಯಾರಿಗೆ ಬರುತ್ತದೆ? 2020ರಲ್ಲಿ ಮದುವೆಗಳು ನಿಂತಾಗ ಸೀರೆಯ ವ್ಯಾಪಾರವೂ ನಿಂತಿತು. ಕೊಳ್ಳುವವರು ಇಬ್ಬರು ಮೂವರಿರಲಿ; ಒಂದು ಪಾಲು ನೇರವಾಗಿ ಉಡುವವರ ಕೈಗೇ ಹೋಗಲಿ.

ಹಾಂ, ಮೊದಲ ಹಾಸಿನ ಸೀರೆಗಳಲ್ಲಿ ಒಂದನ್ನು ಮಾರದೆ ಇಟ್ಟುಕೊಳ್ಳಿ. ಮನೆಯವರು ಅದನ್ನು ಉಟ್ಟು, ಒಗೆದು, ಒಣಗಿಸಿ ನೋಡಲಿ. ಅಂಚಿನ ಬಣ್ಣ ಒಡಲಿಗೆ ಇಳಿದಿದ್ದರೆ ಎರಡನೆಯ ಹಾಸು ಹೂಡುವ ಮೊದಲೇ ಬಣ್ಣದವರ ಬಳಿಗೆ ಹೋಗಿ ಬನ್ನಿ.