ದಿಂಡಿನ ತಕರಾರು

ಒಂದೇ ಹೊಲದಲ್ಲಿ ಒಂದೇ ಬೆಳಿಗ್ಗೆ ಮುರಿದ ಸಿಹಿಜೋಳದ ಎರಡು ತೆನೆಗಳನ್ನು ನಾಲ್ಕು ನಿಮಿಷ ಕುದಿಯುವ ನೀರಿನಲ್ಲಿ ಅದ್ದಿ ತೆಗೆಯಿರಿ. ಒಂದರ ಕಾಳು ಕೊಯ್ದು ಚೀಲಕ್ಕೆ ತುಂಬಿ, ಇನ್ನೊಂದನ್ನು ಇಡಿಯಾಗಿ ಸುತ್ತಿ, ಎರಡನ್ನೂ ಫ್ರೀಜರಿಗೆ ಹಾಕಿ. ಕೆಲವು ತಿಂಗಳ ಮೇಲೆ ತೆಗೆದು ಬೇಯಿಸಿದರೆ ಬಿಡಿಗಾಳು ಹೆಚ್ಚುಕಮ್ಮಿ ಹೊಸ ಜೋಳದ ಹಾಗೇ ಇರುತ್ತದೆ. ಇಡೀ ತೆನೆ ಹಾಗಿರುವುದಿಲ್ಲ. ಕಚ್ಚಿದರೆ ಒಣ ಸೊಪ್ಪೆ ಜಗಿದಂಥ ರುಚಿ. ತೆನೆ ಕೆಟ್ಟಿಲ್ಲ, ತಿಂದರೆ ಹೊಟ್ಟೆನೋವೇನೂ ಬರುವುದಿಲ್ಲ. ಆದರೆ ಎರಡನೇ ಸಲ ಬಾಯಿ ಹಾಕಲು ಮನಸ್ಸಾಗುವುದಿಲ್ಲ, ಅಷ್ಟೇ.

ಅಮೆರಿಕದ ಮನೆಗಳಿಗೆ ಈ ರುಚಿಯ ಪರಿಚಯ ಹಳೆಯದು. ಅಲ್ಲಿನ ಮಧ್ಯ ರಾಜ್ಯಗಳಲ್ಲಿ ಜುಲೈನಿಂದ ಸೆಪ್ಟೆಂಬರ್ ತನಕ ರೈತರು ರಸ್ತೆ ಬದಿಯಲ್ಲೇ ಡಜನ್ ಲೆಕ್ಕದಲ್ಲಿ ತೆನೆ ಮಾರುತ್ತಾರೆ. ಆಮೇಲೆ ಹಿಮ ಬಿದ್ದು ಕರಗುವವರೆಗೆ ಸ್ಥಳೀಯ ತೆನೆ ಕಣ್ಣಿಗೆ ಬೀಳುವುದಿಲ್ಲ. ಹಾಗಾಗಿ ಆಗಸ್ಟ್ ತಿಂಗಳಲ್ಲಿ ತೆನೆ ಸುಲಿದು ಫ್ರೀಜರ್ ತುಂಬಿಸುವುದು ಅಲ್ಲಿ, ಬೇಸಿಗೆಯಲ್ಲಿ ನಾವು ಹಪ್ಪಳ ಸಂಡಿಗೆ ಇಡುವಷ್ಟೇ ವಾಡಿಕೆಯ ಕೆಲಸ. ಇದಕ್ಕೊಂದು ಲೆಕ್ಕಾಚಾರವೂ ಇದೆ. ಜಾರ್ಜಿಯಾ ವಿಶ್ವವಿದ್ಯಾಲಯದಲ್ಲಿರುವ, ಮನೆಮಟ್ಟದ ಆಹಾರ ಸಂರಕ್ಷಣೆಗೆಂದೇ ಇರುವ ರಾಷ್ಟ್ರೀಯ ಕೇಂದ್ರದ ಪ್ರಕಾರ, ಕಾಳು ಬಿಡಿಸುವುದಾದರೆ ತೆನೆಯನ್ನು ಕುದಿನೀರಿನಲ್ಲಿ 4 ನಿಮಿಷ ಇಟ್ಟರೆ ಸಾಕು. ತೆನೆಯನ್ನು ಇಡಿಯಾಗಿ ಇಡುವುದಾದರೆ ಸಣ್ಣದಕ್ಕೆ 7, ಮಧ್ಯಮಕ್ಕೆ 9, ದಪ್ಪನೆಯದಕ್ಕೆ 11 ನಿಮಿಷ. ಕಾಳು ಅದೇ, ನೀರೂ ಅದೇ. ಹೆಚ್ಚುವರಿ ನಿಮಿಷಗಳೆಲ್ಲ ಕಾಳು ಅಂಟಿಕೊಂಡಿರುವ ನಡುವಿನ ದಿಂಡಿಗಾಗಿ.

ದಿಂಡಿಗೆ ಇಷ್ಟೊಂದು ಉಪಚಾರ ಯಾಕೆ ಎಂದು ತಿಳಿಯಲು ಮೊದಲು ಕಾಳಿನ ಸಂಗತಿ ನೋಡಬೇಕು. ತೆನೆ ಮುರಿದ ಮಾತ್ರಕ್ಕೆ ಕಾಳು ಸಾಯುವುದಿಲ್ಲ. ಎಲೆಗಳಿಂದ ಬಂದ ಸಕ್ಕರೆಯನ್ನು ಪಿಷ್ಟ ಮಾಡಿ ಮುಂದಿನ ಮೊಳಕೆಗೆ ಕೂಡಿಡುವುದು ಅದರ ಕೆಲಸ. ಆ ಕೆಲಸ ಅರ್ಧದಲ್ಲಿರುವಾಗಲೇ, ಅಂದರೆ ರೇಷ್ಮೆಯೆಳೆ ಮೂಡಿ ಮೂರು ವಾರದ ಆಸುಪಾಸಿನಲ್ಲಿ, ಹಾಲುಗಾಳಿನ ಹಂತದಲ್ಲಿ ನಾವು ತೆನೆ ಮುರಿಯುತ್ತೇವೆ. ಹೆಬ್ಬೆರಳಿನ ಉಗುರು ಒತ್ತಿದರೆ ಕಾಳಿನಿಂದ ಹಾಲು ಚಿಮ್ಮಬೇಕು. ತಿಳಿನೀರು ಬಂದರೆ ಇನ್ನೂ ಎಳಸು, ಉಗುರಿಗೆ ಹಿಟ್ಟು ಮೆತ್ತಿಕೊಂಡರೆ ಬಲಿತುಹೋಗಿದೆ. ಮುರಿದ ಮೇಲೆ ಹೊಸ ಸಕ್ಕರೆ ಬರುವುದು ನಿಲ್ಲುತ್ತದೆ, ಆದರೆ ಕಿಣ್ವಗಳು ಕೈಕಟ್ಟಿ ಕೂರುವುದಿಲ್ಲ. ಒಳಗಿದ್ದ ಸಕ್ಕರೆಯನ್ನೇ ಪಿಷ್ಟ ಮಾಡುತ್ತ ಹೋಗುತ್ತವೆ. ಹಳೆಯ ಸಿಹಿಜೋಳದ ತಳಿಗಳನ್ನು 30 ಡಿಗ್ರಿ ಸೆಖೆಯಲ್ಲಿ ಒಂದು ದಿನ ಬಿಟ್ಟರೆ ಸಕ್ಕರೆಯಲ್ಲಿ ಅರ್ಧಕ್ಕರ್ಧ ಹೋಗಿಬಿಡುತ್ತಿತ್ತು. ಸೊನ್ನೆ ಡಿಗ್ರಿಯ ಹತ್ತಿರ ಇಟ್ಟರೆ ಅದೇ ಒಂದು ದಿನಕ್ಕೆ ಹೋಗುವುದು ನೂರರಲ್ಲಿ ಆರೇಳು ಪಾಲು ಮಾತ್ರ. ಮೊದಲು ಒಲೆಯ ಮೇಲೆ ನೀರಿಡು, ಆಮೇಲೆ ತೆನೆ ಮುರಿಯಲು ಹೊಲಕ್ಕೆ ಹೋಗು ಎಂದು ಅಮೆರಿಕದ ಹಳ್ಳಿಗರು ಹೇಳುತ್ತಿದ್ದುದು ಇದಕ್ಕೇ.

ಈ ಅವಸರವನ್ನು ಕಡಿಮೆ ಮಾಡಿದವರು ಇಲಿನಾಯ್ ವಿಶ್ವವಿದ್ಯಾಲಯದ ತಳಿವಿಜ್ಞಾನಿ ಜಾನ್ ಲಾಫ್ನನ್. ಅವರು ಅಧ್ಯಯನ ಮಾಡುತ್ತಿದ್ದ ಒಂದು ಬಗೆಯ ಜೋಳದ ಕಾಳು ಒಣಗಿದಾಗ ಮುದುಡಿ ಚಪ್ಪಟೆಯಾಗುತ್ತಿತ್ತು. ಬಾಯಿಗೆ ಹಾಕಿಕೊಂಡರೆ ಸಿಹಿಯೋ ಸಿಹಿ. ಅದರಲ್ಲಿದ್ದ 'ಶ್ರಂಕನ್-2' ಎಂಬ ಜೀನ್, ಪಿಷ್ಟ ತಯಾರಿಕೆಯ ಆರಂಭದ ಒಂದು ಹೆಜ್ಜೆಯನ್ನೇ ಕೆಡಿಸುತ್ತದೆ; ಪಿಷ್ಟ ಆಗಬೇಕಿದ್ದ ಸಕ್ಕರೆ ಸಕ್ಕರೆಯಾಗಿಯೇ ಉಳಿಯುತ್ತದೆ. ಲಾಫ್ನನ್ 1953ರಲ್ಲಿ ಇದನ್ನು ಪ್ರಕಟಿಸಿದರು. 1960ರ ದಶಕದಲ್ಲಿ ಈ ಗುಣದ ತಳಿ ರೈತರ ಕೈಗೆ ಬಂತು. ಇಂದು ನಮ್ಮ ಅಂಗಡಿಗಳಲ್ಲಿ ಸಿಗುವ ಸ್ವೀಟ್ ಕಾರ್ನ್ ಹೆಚ್ಚಾಗಿ ಇದೇ ವಂಶದ್ದು. ಅದರ ಬಿತ್ತನೆ ಬೀಜದ ಪೊಟ್ಟಣ ಒಡೆದು ನೋಡಿ: ಮೆಕ್ಕೆಜೋಳದ ಬೀಜದಂತೆ ತುಂಬಿಕೊಂಡು ಹೊಳೆಯುವುದಿಲ್ಲ, ಹುಳು ತಿಂದು ಬಿಟ್ಟಂತೆ ಸೊರಗಿರುತ್ತದೆ. ಪಿಷ್ಟವೇ ಅಷ್ಟು ಕಡಿಮೆ ಇದ್ದ ಮೇಲೆ ಕಾಳು ತುಂಬುವುದಾದರೂ ಹೇಗೆ? ಅಂದಹಾಗೆ, ಹಾವೇರಿ, ದಾವಣಗೆರೆಯಂಥ ಕಡೆ ಸಿಹಿಜೋಳ ಬೆಳೆಯುವವರಿಗೆ ಇನ್ನೊಂದು ಪಜೀತಿ. ಸುತ್ತ ಇರುವುದೆಲ್ಲ ಗೋವಿನಜೋಳ. ತೆನೆಯ ಒಂದೊಂದು ರೇಷ್ಮೆಯೆಳೆಯೂ ಒಂದೊಂದು ಕಾಳಿನದು. ಪಕ್ಕದ ಹೊಲದ ಪರಾಗ ಯಾವ ಎಳೆಯ ಮೇಲೆ ಬಿತ್ತೋ ಆ ಕಾಳು ಅದೇ ವರ್ಷ ಸಪ್ಪೆ ಹಿಟ್ಟಾಗುತ್ತದೆ.

ಹೊಸ ತಳಿಯ ತೆನೆ ಫ್ರಿಜ್ಜಿನಲ್ಲಿ ಕೆಲವು ದಿನ ಸಿಹಿಯಾಗಿಯೇ ಇರುವುದರಿಂದ ಅನೇಕರು ಅದನ್ನು ಹಸಿಯಾಗಿಯೇ, ಸಿಪ್ಪೆ ಸಮೇತ, ಫ್ರೀಜರಿಗೆ ತುರುಕುತ್ತಾರೆ. ಚಳಿಗೆ ಎಲ್ಲವೂ ಮರಗಟ್ಟಿ ನಿಲ್ಲುತ್ತದೆ ಎನ್ನುವ ಭಾವನೆ. ಒಂದೆರಡು ವಾರದಲ್ಲಿ ತಿಂದು ಮುಗಿಸುವುದಾದರೆ ಪರವಾಗಿಲ್ಲ. ಅದಕ್ಕೂ ಮುಂದೆ ಹೋದರೆ ಸಿಹಿ ಉಳಿದರೂ ರುಚಿ ಉಳಿಯುವುದಿಲ್ಲ. ಯಾಕೆಂದರೆ ರುಚಿ ಕೆಡಿಸುವ ಕಿಣ್ವಗಳು ಬೇರೆ. ಕಾಳಿನಲ್ಲಿ, ಅದರಲ್ಲೂ ಮೊಳಕೆಯ ಭಾಗದಲ್ಲಿ, ಎಣ್ಣೆಯಂಶ ಇರುತ್ತದೆ. ಲೈಪಾಕ್ಸಿಜನೇಸ್ ಎಂಬ ಕಿಣ್ವ ಆ ಎಣ್ಣೆಯನ್ನು ಆಮ್ಲಜನಕದ ಜೊತೆ ಕೂಡಿಸಿ ಒಡೆಯುತ್ತದೆ. ಆಗ ಹುಟ್ಟುವ ಸಣ್ಣ ಅಣುಗಳದ್ದೇ ಆ ಹುಲ್ಲಿನ, ಸೊಪ್ಪೆಯ ವಾಸನೆ.

ಗಿಡದಲ್ಲಿರುವಾಗ ಕಿಣ್ವ ಒಂದು ಕೋಣೆಯಲ್ಲಿ, ಎಣ್ಣೆ ಇನ್ನೊಂದರಲ್ಲಿ. ಫ್ರೀಜರ್ ಮಾಡುವ ಅನಾಹುತವೇನೆಂದರೆ ಈ ಗೋಡೆಗಳನ್ನು ಒಡೆಯುವುದು. ನೀರು ಮಂಜಾದಾಗ ನೂರಕ್ಕೆ ಒಂಬತ್ತು ಪಾಲು ಹಿಗ್ಗುತ್ತದೆ. ಹಾಲುಗಾಳಿನಲ್ಲಿ ಮುಕ್ಕಾಲು ಪಾಲು ನೀರೇ. ಮಂಜಿನ ಹರಳು ಬೆಳೆದು ಜೀವಕೋಶದ ಪೊರೆಗಳನ್ನು ಸೀಳುತ್ತದೆ. ಜೊತೆಗೆ, ಎಲ್ಲ ನೀರೂ ಒಟ್ಟಿಗೆ ಹೆಪ್ಪುಗಟ್ಟುವುದಿಲ್ಲ. ಮೊದಲು ಶುದ್ಧ ನೀರು ಮಂಜಾಗುತ್ತದೆ, ಉಳಿದ ಗಟ್ಟಿ ಪಾಕದಲ್ಲಿ ಸಕ್ಕರೆ, ಕಿಣ್ವ, ಎಣ್ಣೆ ಎಲ್ಲ ಒತ್ತೊತ್ತಾಗಿ ಸೇರಿಕೊಳ್ಳುತ್ತವೆ. ಮೈನಸ್ 18 ಡಿಗ್ರಿಯಲ್ಲಿ ಈ ಪಾಕದೊಳಗಿನ ಕೆಲಸ ಬಹಳ ನಿಧಾನ, ಆದರೆ ನಿಂತಿರುವುದಿಲ್ಲ. ಫ್ರೀಜರಿಗೆ ತಿಂಗಳುಗಟ್ಟಲೆ ಸಮಯವಿದೆಯಲ್ಲ.

ಚಳಿಗೆ ಕಿಣ್ವ ನಿಲ್ಲುವುದಿಲ್ಲ ಎಂಬುದು ಶೈತ್ಯೀಕರಣದ ಉದ್ಯಮಕ್ಕೂ ತಡವಾಗಿಯೇ ಹೊಳೆಯಿತು. ಕ್ಲಾರೆನ್ಸ್ ಬರ್ಡ್ಸ್‌ಐ ಎಂಬಾತ ಕೆನಡಾದ ಲ್ಯಾಬ್ರಡಾರಿನಲ್ಲಿ ಇನ್ಯುಯಿಟ್ ಜನ ಹಿಡಿದ ಮೀನು ಕೊರೆಯುವ ಗಾಳಿಯಲ್ಲಿ ಕ್ಷಣದಲ್ಲೇ ಹೆಪ್ಪುಗಟ್ಟುವುದನ್ನೂ, ತಿಂಗಳ ನಂತರವೂ ಅದು ತಾಜಾ ಇರುವುದನ್ನೂ ಕಂಡಿದ್ದ. ಬೇಗ ಹೆಪ್ಪುಗಟ್ಟಿದರೆ ಹರಳು ಸಣ್ಣದಾಗಿಯೇ ಉಳಿಯುತ್ತದೆ ಎಂಬುದು ಅಲ್ಲಿಂದ ಕಲಿತ ಪಾಠ. 1930ರ ಮಾರ್ಚಿನಲ್ಲಿ ಮಸಾಚುಸೆಟ್ಸ್‌ನ ಸ್ಪ್ರಿಂಗ್‌ಫೀಲ್ಡ್ ಊರಿನ ಅಂಗಡಿಗಳಲ್ಲಿ ಅವನ ಹೆಪ್ಪುಗಟ್ಟಿಸಿದ ಆಹಾರದ ಮಾರಾಟ ಶುರುವಾಯಿತು. ಮೀನಿಗೆ ಸಾಲುತ್ತಿದ್ದ ಆ ವೇಗ ತರಕಾರಿಗೆ ಮಾತ್ರ ಸಾಲಲಿಲ್ಲ. ಕಿಣ್ವವನ್ನು ಕೊಲ್ಲುವುದು ಚಳಿಯಲ್ಲ, ಬಿಸಿ. ಮೊದಲು ಕುದಿನೀರು, ಆಮೇಲೆ ಮಂಜು ಎನ್ನುವ ಕ್ರಮ ಗಟ್ಟಿಯಾದದ್ದು ಆ ಕಾಲದಲ್ಲೇ.

ಇನ್ನು ದಿಂಡು. ಸುಲಿದ ತೆನೆಯನ್ನು ಅಡ್ಡಕ್ಕೆ ಕತ್ತರಿಸಿ ನೋಡಿದರೆ ಹೊರಗೆ ಕಾಳಿನ ಸುತ್ತು, ಅದರೊಳಗೆ ಕಟ್ಟಿಗೆಯಂಥ ಗಟ್ಟಿ ಉಂಗುರ, ನಟ್ಟನಡುವೆ ಬಿಳಿ ಬೆಂಡು. ದಿಂಡಿನಲ್ಲೂ ಕಿಣ್ವಗಳಿವೆ. ಕಾಳಿನ ಬುಡ ಅದಕ್ಕೇ ಅಂಟಿಕೊಂಡಿರುವುದರಿಂದ ಅಲ್ಲಿ ಹುಟ್ಟಿದ ವಾಸನೆ ಕಾಳಿಗೆ ಇಳಿಯುವುದು ಸುಲಭ. ಬೆಂಡಿನಲ್ಲಿ ನೀರಿನ ಜೊತೆ ಗಾಳಿಯೂ ಸೇರಿಕೊಂಡಿರುತ್ತದೆ, ಗಾಳಿ ಬಿಸಿಯನ್ನು ಸುಲಭವಾಗಿ ಒಳಗೆ ಬಿಡುವುದಿಲ್ಲ. ಅದಕ್ಕಿಂತ ಮುಖ್ಯವಾದದ್ದು ದಪ್ಪ. ಘನವಸ್ತುವಿನ ಒಳಗೆ ಬಿಸಿ ನಡೆದುಹೋಗುವ ಕಾಲ ದಪ್ಪದ ವರ್ಗದಂತೆ ಏರುತ್ತದೆ: ದಪ್ಪ ಎರಡು ಪಟ್ಟಾದರೆ ಕಾಲ ನಾಲ್ಕು ಪಟ್ಟು. ನಾಲ್ಕೂವರೆ ಸೆಂಟಿಮೀಟರ್ ಅಡ್ಡಗಲದ ತೆನೆಯ ನಡುವಿಗೆ ಬಿಸಿ ಮುಟ್ಟಲು ಲೆಕ್ಕ ಹಾಕಿದರೆ ಹತ್ತು ನಿಮಿಷದ ಆಸುಪಾಸು ಬರುತ್ತದೆ. ಜಾರ್ಜಿಯಾದವರ 7, 9, 11 ಇದರ ಸುತ್ತಲೇ ಇದೆ. ಬೆಂಗಳೂರಿನಲ್ಲಿ ನೀರು ಕುದಿಯುವುದು 97 ಡಿಗ್ರಿಯ ಹತ್ತಿರ; ಅಷ್ಟಕ್ಕೆ ಸಮಯ ಬದಲಿಸಬೇಕಿಲ್ಲ. ಐದು ಸಾವಿರ ಅಡಿ ಮೀರಿದ ಊಟಿಯಂಥ ಊರಲ್ಲಾದರೆ ಒಂದು ನಿಮಿಷ ಸೇರಿಸಬೇಕು.

ಕುಕ್ಕರಿನಲ್ಲಿ ಒಂದು ವಿಷಲ್ ಕೂಗಿಸಿದರೆ ಆಗದೇ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಆಗದು. ಕುಕ್ಕರಿನ ಒಳಗೆ ಬಿಸಿ 120 ಡಿಗ್ರಿಯ ಹತ್ತಿರ ಹೋಗುತ್ತದೆ, ಹಬೆ ಇಳಿಯುವ ತನಕ ಮುಚ್ಚಳ ತೆಗೆಯುವ ಹಾಗಿಲ್ಲ. ಅಷ್ಟರಲ್ಲಿ ಕಾಳು ಪೂರ್ತಿ ಬೆಂದಿರುತ್ತದೆ. ಬೆಂದ ಕಾಳು ಹೆಪ್ಪುಗಟ್ಟಿ ಕರಗಿದರೆ ಪಿಚಿಪಿಚಿಯಾಗುತ್ತದೆ. ಅಗಲ ಬಾಯಿಯ ದೊಡ್ಡ ಪಾತ್ರೆ, ಅರ್ಧ ಕೆಜಿ ಜೋಳಕ್ಕೆ ನಾಲ್ಕು ಲೀಟರಿಗೂ ಮಿಕ್ಕಿ ನೀರು, ತೆನೆ ಹಾಕಿದ ಒಂದು ನಿಮಿಷದೊಳಗೆ ಮತ್ತೆ ಕುದಿ ಬರುವಷ್ಟು ಉರಿ ಬೇಕು. ಕುದಿ ಬಾರದಿದ್ದರೆ ಒಮ್ಮೆಗೆ ಹಾಕಿದ ತೆನೆ ಹೆಚ್ಚಾಯಿತು ಎಂದರ್ಥ.

ನಿಧಾನಕ್ಕೆ ಕಾದ ದಿಂಡು ಆರುವುದೂ ನಿಧಾನವಾಗಿಯೇ. ಹೊರಗೆ ತೆಗೆದಿಟ್ಟರೆ ಒಳಗಿನ ಬಿಸಿ ಕಾಳನ್ನು ಬೇಯಿಸುತ್ತಲೇ ಇರುತ್ತದೆ. ಮನೆಗಳಲ್ಲಿ ಹೆಚ್ಚಾಗಿ ಎಡವುವುದು ಇಲ್ಲೇ: ಕಾಳು ಮುಟ್ಟಿ ತಣ್ಣಗಿದೆ ಎಂದುಕೊಂಡು ಪ್ಯಾಕ್ ಮಾಡುತ್ತಾರೆ, ದಿಂಡಿನಲ್ಲಿ ಬಿಸಿ ಹಾಗೇ ಕೂತಿರುತ್ತದೆ. ಕುದಿಸಿದಷ್ಟೇ ಹೊತ್ತು ಐಸ್ ನೀರಿನಲ್ಲಿ ಮುಳುಗಿಸಿಡಬೇಕು, ಒಂದು ಕೆಜಿ ಜೋಳಕ್ಕೆ ಸುಮಾರು ಒಂದು ಕೆಜಿ ಐಸ್. ಒಂದು ಕೆಜಿ ಐಸ್ ಕರಗುವಾಗ ಹೀರುವ ಶಾಖ, ಒಂದು ಕೆಜಿ ನೀರನ್ನು 80 ಡಿಗ್ರಿಯಿಂದ ಸೊನ್ನೆಗೆ ಇಳಿಸುವಷ್ಟು, ಅಳತೆ ಸರಿಹೋಯಿತಲ್ಲ. ಫ್ರಿಜ್ಜಿನ ಎರಡು ಐಸ್ ಟ್ರೇ ಇದಕ್ಕೆ ಏನೇನೂ ಸಾಲದು, ಹಿಂದಿನ ರಾತ್ರಿಯೇ ಸ್ಟೀಲ್ ಡಬ್ಬಿಗಳಲ್ಲಿ, ಕಂಠದವರೆಗೆ ತುಂಬದೆ, ನೀರು ಗಟ್ಟಿಸಿಟ್ಟುಕೊಳ್ಳಬೇಕು. ಕೊನೆಗೆ ದಿಂಡಿನ ಕತ್ತರಿಸಿದ ತುದಿಗೆ ಬೆರಳು ಒತ್ತಿ ನೋಡಿ. ಅಲ್ಲಿ ತಣ್ಣಗಾಗಿದ್ದರೆ ಮಾತ್ರ ಹೊರಗೆ ತೆಗೆದು ಬಟ್ಟೆಯಲ್ಲಿ ಒರೆಸಿ. ಮೈಮೇಲೆ ಉಳಿದ ನೀರೆಲ್ಲ ಚೀಲದಲ್ಲಿ ಮಂಜಿನ ಪುಡಿಯಾಗುತ್ತದೆ.

ಪ್ಯಾಕ್ ಮಾಡುವಾಗ ಗಾಳಿಯೇ ಶತ್ರು. ಫ್ರೀಜರಿನ ಒಣಗಾಳಿಯಲ್ಲಿ ಮಂಜು ಕರಗದೆಯೇ ನೇರ ಆವಿಯಾಗುತ್ತದೆ, ಕಾಳು ಬಿಳಚಿಕೊಂಡು ಚರ್ಮದಂತಾಗುತ್ತದೆ. ತೆನೆ ಹಾಕಿದ ಜಿಪ್ ಚೀಲವನ್ನು ಬಾಯಿ ಮೇಲಿರುವಂತೆ ನೀರಿನ ಬಕೆಟ್ಟಿನಲ್ಲಿ ನಿಧಾನಕ್ಕೆ ಇಳಿಸಿದರೆ ನೀರಿನ ಒತ್ತಡಕ್ಕೆ ಪ್ಲಾಸ್ಟಿಕ್ ಪ್ರತಿ ಕಾಳಿನ ಸಾಲಿಗೂ ಅಂಟಿಕೊಳ್ಳುತ್ತದೆ. ಬಾಯಿ ಇನ್ನೇನು ಮುಳುಗಬೇಕು ಎನ್ನುವಾಗ ಮುಚ್ಚಿಬಿಡಿ. ಇದಕ್ಕಿಂತ ಅಗ್ಗದ ಯಂತ್ರ ಇಲ್ಲ.

ಫ್ರೀಜರಿಗೂ ಮಿತಿ ಇದೆ. ನೀರು ಮಂಜಾಗುವಾಗ ಬಿಡುವ ಅಷ್ಟೂ ಶಾಖವನ್ನು ಅದು ಹೊರಗೆ ಹಾಕಬೇಕು. ಒಂದು ದಿನಕ್ಕೆ ಘನ ಅಡಿಗೆ ಒಂದರಿಂದ ಒಂದೂಕಾಲು ಕೆಜಿಗಿಂತ ಹೆಚ್ಚು ಹೊಸ ತರಕಾರಿ ಇಡಬಾರದು ಎನ್ನುತ್ತಾರೆ. ಅರವತ್ತು ಲೀಟರಿನ ಫ್ರೀಜರಿಗೆ ಎರಡೂವರೆ ಕೆಜಿ, ಅಂದರೆ ಸುಮಾರು ಹತ್ತು ತೆನೆ. ತೆನೆಗಳನ್ನು ಒಂದರ ಮೇಲೊಂದು ಪೇರಿಸದೆ ಬಿಡಿಬಿಡಿಯಾಗಿ ಇಟ್ಟು, ಗಟ್ಟಿಯಾದ ಮೇಲೆ ಜೋಡಿಸಬಹುದು. ಒಂಟಿ ಬಾಗಿಲಿನ ಫ್ರಿಜ್ಜುಗಳ ಐಸ್ ಪೆಟ್ಟಿಗೆ ಅನೇಕ ಸಲ ಮೈನಸ್ 18ಕ್ಕೆ ಇಳಿಯುವುದೇ ಇಲ್ಲ. ಫ್ರಿಜ್ಜಿನ ಮೇಲೆ ಐದು ನಕ್ಷತ್ರ ಇದೆಯಲ್ಲ ಎಂದರೆ, ಅದು ವಿದ್ಯುತ್ ಉಳಿತಾಯದ ನಕ್ಷತ್ರ, ಚಳಿಯದ್ದಲ್ಲ. ಸಣ್ಣದೊಂದು ಥರ್ಮಾಮೀಟರ್ ಒಳಗಿಟ್ಟರೆ ಗೊತ್ತಾಗುತ್ತದೆ. ಮೈನಸ್ 18 ಸಿಕ್ಕರೆ ಎಂಟರಿಂದ ಹನ್ನೆರಡು ತಿಂಗಳು ಗುಣಮಟ್ಟ ಉಳಿಯುತ್ತದೆ, ಸಿಗದಿದ್ದರೆ ಒಂದೆರಡು ತಿಂಗಳಲ್ಲಿ ಖಾಲಿ ಮಾಡುವುದೇ ಜಾಣತನ. ಕರೆಂಟು ಹೋದಾಗ ಬಾಗಿಲು ತೆರೆಯದಿದ್ದರೆ ತುಂಬಿದ ದೊಡ್ಡ ಫ್ರೀಜರ್ ಎರಡು ದಿನ ತಡೆಯುತ್ತದೆ, ಅರ್ಧ ತುಂಬಿದ್ದು ಒಂದು ದಿನ.

ಹೊರಗೆ ತೆಗೆದು ಬೇಯಿಸುವಾಗಲೂ ದಿಂಡಿನದೇ ಕಿರಿಕಿರಿ. ಹೆಪ್ಪುಗಟ್ಟಿದ ತೆನೆಯನ್ನು ನೇರ ಕೆಂಡದ ಮೇಲಿಟ್ಟರೆ ಕಾಳು ಕರಕಲಾದರೂ ನಡುವೆ ಮಂಜು ಇರುತ್ತದೆ, ಆ ತಂಪಿಗೆ ತಟ್ಟೆಗೆ ಬರುವಷ್ಟರಲ್ಲಿ ತೆನೆ ಆರಿಹೋಗಿರುತ್ತದೆ. ಸ್ವಲ್ಪ ಹೊತ್ತು ಹೊರಗಿಟ್ಟು, ಅರ್ಧ ಸಡಿಲವಾದ ಮೇಲೆ ಮೂರರಿಂದ ಐದು ನಿಮಿಷ ಕುದಿಸಿದರೆ ಸರಿ.

ಇಷ್ಟೆಲ್ಲ ಯಾರು ಮಾಡಬೇಕು? ಓಹಾಯೋದಲ್ಲೋ ಇಲಿನಾಯ್‌ನಲ್ಲೋ ಇರುವ ಕನ್ನಡಿಗರಿಗೆ ಆಳುದ್ದದ ಫ್ರೀಜರೂ ಆರು ತಿಂಗಳ ಚಳಿಗಾಲವೂ ಇದ್ದರೆ, ಖಂಡಿತ ಮಾಡಲಿ. ವರ್ಷವಿಡೀ ತಳ್ಳುಗಾಡಿಯಲ್ಲಿ ಜೋಳ ಸಿಗುವ ಬೆಂಗಳೂರು, ಮೈಸೂರಿನಲ್ಲಿ ಇಡೀ ತೆನೆ ಹೆಪ್ಪುಗಟ್ಟಿಸುವುದು ನನ್ನ ಮಟ್ಟಿಗೆ ಜಾಗ ದಂಡ, ಗ್ಯಾಸೂ ದಂಡ. ತಿನ್ನಲಾಗದ ದಿಂಡಿಗೆ ಅರ್ಧ ಫ್ರೀಜರ್ ಬಿಟ್ಟುಕೊಟ್ಟಂತೆ. ನಾಲ್ಕು ನಿಮಿಷ ಕುದಿಸಿ, ಐಸ್ ನೀರಲ್ಲಿ ಆರಿಸಿ, ತೆನೆಯನ್ನು ನೆಟ್ಟಗೆ ನಿಲ್ಲಿಸಿ ಚಾಕುವಿನಿಂದ ಕಾಳಿನ ಮುಕ್ಕಾಲು ಆಳಕ್ಕೆ ಕೊಯ್ದರೆ ದಿಂಡಿನ ಚೂರು ಸೇರದೆ ಕಾಳು ಬಿಡುತ್ತದೆ. ತಟ್ಟೆಯಲ್ಲಿ ಹರಡಿ ಗಟ್ಟಿ ಮಾಡಿ ಚೀಲಕ್ಕೆ ಸುರಿದರೆ ಉಪ್ಪಿಟ್ಟಿಗೆ ಬೇಕಾದಾಗ ಒಂದು ಹಿಡಿ ತೆಗೆಯಬಹುದು. ಒಂದು ಎಚ್ಚರ: ಚಳಿ ರೋಗಾಣುಗಳನ್ನು ಕೊಲ್ಲುವುದಿಲ್ಲ. 2015ರಿಂದ 2018ರ ನಡುವೆ ಯುರೋಪಿನ ಹಲವು ದೇಶಗಳಲ್ಲಿ ಕಾರ್ಖಾನೆಯ ಹೆಪ್ಪುಗಟ್ಟಿದ ಜೋಳದ ಕಾಳಿನಿಂದ ಲಿಸ್ಟೀರಿಯಾ ಸೋಂಕು ಹರಡಿ ಐವತ್ತರಷ್ಟು ಜನ ಕಾಯಿಲೆ ಬಿದ್ದರು, ಹತ್ತರಷ್ಟು ಜನ ಸತ್ತರು. ಹಾಗಾಗಿ ಅಂಗಡಿಯದಾಗಲಿ ಮನೆಯದಾಗಲಿ, ಫ್ರೀಜರಿನ ಕಾಳನ್ನು ಕೋಸಂಬರಿಗೆ ಹಾಕುವ ಮುನ್ನ ಕುದಿಸಿ ಚೆನ್ನಾಗಿ ಬೇಯಿಸಿ, ಆರಿಸಿಕೊಳ್ಳಿ.