ಬುಗುರಿಯ ಹೊಟ್ಟೆಯ ಮೇಲಿನ ಬಿಳಿ ಬೊಟ್ಟು

ಚನ್ನಪಟ್ಟಣದ ಬುಗುರಿಯ ಫೋಟೊ ತೆಗೆಯಲು ಹೋದವರಿಗೆ ಈ ಕಾಟ ಗೊತ್ತು. ಆಲೆ ಮರವನ್ನು ಲೇತಿನಲ್ಲಿ ತಿರುಗಿಸುತ್ತ ಅರಗು ಮೆತ್ತಿ, ಕೇದಗೆ ಎಲೆಯಿಂದ ಉಜ್ಜಿ ತಂದ ಹೊಳಪು ಕೈಯಲ್ಲಿ ಹಿಡಿದಾಗ ಕಣ್ಣಿಗೆ ಹಬ್ಬ. ಫೋಟೊದಲ್ಲಿ ಮಾತ್ರ ಕೆಂಪು ಹೊಟ್ಟೆಯ ನಡುವೆ ಸುಣ್ಣ ಸಿಡಿದಂತೆ ಒಂದು ಬಿಳಿ ಬೊಟ್ಟು! ಆನ್‌ಲೈನಿನಲ್ಲಿ ಆಟಿಕೆ ಮಾರಲು ಹೊರಟಿದ್ದ ನನ್ನ ಅತ್ತಿಗೆ, ‘ಈ ಫ್ಲ್ಯಾಶ್‌ಗೆ ಪವರ್ ಸಾಲ್ತಿಲ್ಲ ಕಣೋ, ದೊಡ್ಡದೇ ತಗೋಬೇಕು’ ಎಂದು ತೀರ್ಮಾನ ಮಾಡಿಬಿಟ್ಟಿದ್ದರು. ಪವರ್ ಬೇಕಾದ್ದಕ್ಕಿಂತ ಹೆಚ್ಚೇ ಇತ್ತು. ಸಾಲದೆ ಹೋಗಿದ್ದು ಬೆಳಕಿನ ಅಗಲ.

ಫ್ಲ್ಯಾಶ್ ಆನ್ ಮಾಡಿದೊಡನೆ ‘ಕುಂಯ್’ ಎಂದು ಸಣ್ಣ ಸದ್ದು ಏರುತ್ತದಲ್ಲ, ಅದು ಹಂಡೆ ತುಂಬುವ ಸದ್ದು. ನಾಲ್ಕು ಪೆನ್ ಸೆಲ್ಲುಗಳ 6 ವೋಲ್ಟನ್ನು ಸುಮಾರು 300 ವೋಲ್ಟಿಗೆ ಏರಿಸಿ, ಕೆಪಾಸಿಟರ್ ಎಂಬ ಹಂಡೆಗೆ ಕೆಲವು ಸೆಕೆಂಡು ಸುರಿಯುತ್ತಾರೆ. 1000 ಮೈಕ್ರೋಫ್ಯಾರಡ್‌ನ ಕೆಪಾಸಿಟರು 330 ವೋಲ್ಟಿಗೆ ತುಂಬಿದರೆ ಅದರಲ್ಲಿರುವ ಶಕ್ತಿ ಸುಮಾರು 54 ಜೂಲ್. 9 ವಾಟಿನ ಎಲ್‌ಇಡಿ ಬಲ್ಬು ಆರು ಸೆಕೆಂಡು ಉರಿಯಲು ಬೇಕಾದಷ್ಟು, ಅಷ್ಟೇ. ಬಲ್ಬು ಆರು ಸೆಕೆಂಡು ಕುಳಿತು ಉಣ್ಣುವುದನ್ನು ಫ್ಲ್ಯಾಶ್ ಸೆಕೆಂಡಿನ ಸಾವಿರದ ಒಂದು ಭಾಗದಲ್ಲಿ ಗುಟುಕರಿಸುತ್ತದೆ. ಆ ಕ್ಷಣದ ಮಟ್ಟಿಗೆ ಅದು 54,000 ವಾಟಿನ ದೀಪ. ಗಾಜಿನ ಕೊಳವೆಯಲ್ಲಿರುವ ಕ್ಸೆನಾನ್ ಅನಿಲಕ್ಕೆ ಸಾವಿರಾರು ವೋಲ್ಟಿನ ಒಂದು ಚುಚ್ಚು ಕೊಟ್ಟರೆ ಸಾಕು, ಅನಿಲ ವಿದ್ಯುತ್ತಿಗೆ ದಾರಿ ಬಿಡುತ್ತದೆ, ಹಂಡೆ ಮಗುಚುತ್ತದೆ. ಹೊಮ್ಮುವ ಬೆಳಕಿನ ಬಣ್ಣ ನಡುಹಗಲಿನ ಬಿಸಿಲಿಗೆ ಹತ್ತಿರ. 1930ರ ದಶಕದಲ್ಲಿ ಅಮೆರಿಕದ ಎಂಐಟಿಯಲ್ಲಿ ಹೆರಾಲ್ಡ್ ಎಡ್ಜರ್ಟನ್ ಪಳಗಿಸಿದ ಮಿಂಚು ಇದು. (ಕೆಟ್ಟ ಫ್ಲ್ಯಾಶನ್ನು ಬಿಚ್ಚಿ ನೋಡುವ ಚಪಲ ಬೇಡ. ಸೆಲ್ ತೆಗೆದ ಮೇಲೂ ಹಂಡೆ ತುಂಬಿಯೇ ಇರಬಹುದು.)

ಈಗ ಕೊಳ್ಳುವ ಮಾತು. ಅಂಗಡಿಯವರು ಗೈಡ್ ನಂಬರ್ ಹೇಳುತ್ತಾರೆ. ಅದನ್ನು ದೂರದ ಮೀಟರಿನಿಂದ ಭಾಗಿಸಿದರೆ ಐಎಸ್‌ಒ 100ರಲ್ಲಿ ಇಡಬೇಕಾದ ಅಪರ್ಚರ್ ಸಿಗುತ್ತದೆ. 32ರ ಸಾಧಾರಣ ಫ್ಲ್ಯಾಶನ್ನು ಅರ್ಧ ಮೀಟರಿನಲ್ಲಿಟ್ಟರೆ 64. ಬುಗುರಿಯ ಮೂತಿಯಿಂದ ಬೆನ್ನಿನವರೆಗೆ ಫೋಕಸ್ ನಿಲ್ಲಲು ನಾವು ಇಡುವುದು 11. ವರ್ಗದ ಲೆಕ್ಕ ಹಾಕಿದರೆ ಬೆಳಕು ಮೂವತ್ತಕ್ಕೂ ಹೆಚ್ಚು ಪಟ್ಟು ಮಿಕ್ಕಿತು! ನಡುವೆ ಬಿಳಿ ಬಟ್ಟೆ ಕಟ್ಟಿ, ಅದು ಮುಕ್ಕಾಲು ಪಾಲು ನುಂಗಿದರೂ ಎಂಟನೇ ಒಂದು ಪವರ್ ಸಾಕು. ಸೆಲ್ಲೂ ಬಾಳುತ್ತದೆ, ಹಂಡೆಯೂ ಬೇಗ ತುಂಬುತ್ತದೆ. ಪೆಟ್ಟಿಗೆಯ ಮೇಲಿನ ಅಂಕಿಗೆ ಮರುಳಾಗುವುದೂ ಬೇಡ. ಗೋಡಾಕ್ಸ್ ಟಿಟಿ600ರ ಗೈಡ್ ನಂಬರ್ 60 ಎನ್ನುವುದು 200 ಮಿ.ಮೀ. ಜೂಮಿನಲ್ಲಿ ಬೆಳಕನ್ನು ಕಿರಿದು ಮಾಡಿದಾಗಿನ ಮಾತು.

ಕೈಯಿಂದ ಪವರ್ ಇಳಿಸುವ ಸೌಲಭ್ಯ, ಕ್ಯಾಮೆರಾದ ನೆತ್ತಿಯಿಂದ ಕೆಳಗಿಳಿಸಲು ಒಂದು ರೇಡಿಯೊ ಟ್ರಿಗರ್, ಚಾರ್ಜ್ ಆಗುವ ಸೆಲ್ಲು: ನಾನಾದರೆ ದುಡ್ಡು ಹಾಕುವುದು ಇವಕ್ಕೆ ಮಾತ್ರ. ಕದಲದೆ ಕೂತ ಬುಗುರಿಗೆ ಟಿಟಿಎಲ್ ಎಂಬ ಸ್ವಯಂಚಾಲಿತ ಲೆಕ್ಕಾಚಾರ ದಂಡ. ಫಿಲ್ಮ್ ಕಾಲದ ಹಳೆಯ ಫ್ಲ್ಯಾಶ್ ಅಗ್ಗಕ್ಕೆ ಸಿಕ್ಕರೆ ಮೊದಲು ಮಲ್ಟಿಮೀಟರ್ ಹಿಡಿಯಿರಿ. ಕೆಲವುಗಳ ಟ್ರಿಗರ್ ತುದಿಯಲ್ಲಿ 200 ವೋಲ್ಟಿಗೂ ಮೇಲಿರುತ್ತದೆ, ಇಂದಿನ ಕ್ಯಾಮೆರಾದ ಸರ್ಕ್ಯೂಟು ಸುಟ್ಟೀತು. ಇನ್ನು ಮೊಬೈಲಿನಲ್ಲಷ್ಟೇ ಫೋಟೊ ತೆಗೆಯುವವರು ಫ್ಲ್ಯಾಶ್ ಆಸೆ ಬಿಟ್ಟು ಎಲ್‌ಇಡಿ ಕೊಳ್ಳುವುದು ಮೇಲು. ಫೋನಿನ ಸೆನ್ಸರು ಚಿತ್ರವನ್ನು ಸಾಲುಸಾಲಾಗಿ ಓದುವುದರಿಂದ ಈ ಮಿಂಚು ಅದಕ್ಕೆ ಸರಿಯಾಗಿ ದಕ್ಕುವುದಿಲ್ಲ.

ಬೊಟ್ಟಿನ ಸಂಗತಿಗೆ ಬರೋಣ. ಅರಗಿನ ಹೊಟ್ಟೆ ಒಂದು ಉಬ್ಬುಗನ್ನಡಿ. ಬೊಟ್ಟು ಅದರಲ್ಲಿ ಕಂಡ ಫ್ಲ್ಯಾಶಿನ ಮುಖ. ಬುಗುರಿ ತಲೆಯೆತ್ತಿ ನೋಡಿದರೆ ಬೆಳಕು ಎಷ್ಟು ಅಗಲ ಕಾಣುತ್ತದೋ ಅದರ ಮೇಲೆ ಎಲ್ಲವೂ ನಿಂತಿದೆ. ಸೂರ್ಯನ ಅಡ್ಡಳತೆ ಸುಮಾರು 14 ಲಕ್ಷ ಕಿಲೋಮೀಟರ್ ಇದ್ದರೂ ದೂರದಿಂದ ಅರ್ಧ ಡಿಗ್ರಿಯಷ್ಟೇ ಕಾಣುತ್ತಾನೆ, ಹಾಗಾಗಿ ಬಿಸಿಲಿನ ನೆರಳು ಚಾಕುವಿನ ಅಂಚು. ಫ್ಲ್ಯಾಶಿನ ಮೂತಿಗೆ ಸಿಕ್ಕಿಸುವ ಪ್ಲಾಸ್ಟಿಕ್ ಟೋಪಿ ಇದೇ ಕಾರಣಕ್ಕೆ ಇಲ್ಲಿ ನಿಷ್ಪ್ರಯೋಜಕ. ಅದು ಅಗಲವನ್ನು ಹೆಚ್ಚಿಸುವುದೇ ಇಲ್ಲ.

ಅಣ್ಣನ ಹಳೆಯ ಬಿಳಿ ಪಂಚೆಯನ್ನು ಎರಡು ಕುರ್ಚಿಗಳ ನಡುವೆ ಬಿಗಿದು, ಬುಗುರಿಯನ್ನು ಅದರಿಂದ ಒಂದಡಿ ಈಚೆಗೆ ಇಟ್ಟೆವು. ಫ್ಲ್ಯಾಶ್ ಪಂಚೆಯ ಆಚೆ ಎರಡಡಿ ದೂರ, ಇನ್ನೊಂದು ಬದಿಗೆ ಥರ್ಮೋಕೋಲ್ ಹಲಗೆ. ಶಟರ್ 1/160. ಫ್ಲ್ಯಾಶ್ ಆರಿಸಿ ಒಂದು ಫೋಟೊ ತೆಗೆದಾಗ ಪೂರ್ತಿ ಕಪ್ಪು ಬಂತು. ಅಂದರೆ ಕೋಣೆಯ ಟ್ಯೂಬ್‌ಲೈಟಿನ ಬಣ್ಣ ಬೆರೆಯುತ್ತಿಲ್ಲ ಎಂದು ಖಾತ್ರಿಯಾಯಿತು. ಆಮೇಲೆ ಫ್ಲ್ಯಾಶ್ ಹೊಡೆದರೆ ಬೊಟ್ಟಿನ ಜಾಗದಲ್ಲಿ ಮೇಲಿಂದ ಕೆಳಕ್ಕೆ ಜಾರಿದ ಹಾಲಿನಂಥ ಒಂದು ಪಟ್ಟೆ. ಅದಿರುವುದರಿಂದಲೇ ಹೊಟ್ಟೆ ದುಂಡಗೆ ಕಂಡಿತು.

ಅತ್ತಿಗೆಯ ಮಗ ಅಷ್ಟಕ್ಕೆ ಬಿಡಲಿಲ್ಲ, ಬುಗುರಿ ತಿರುಗಿಸಿಯೇ ಬಿಟ್ಟ. ಪವರ್ ಇಳಿಸಿದಾಗ ಇಂಥ ಫ್ಲ್ಯಾಶ್ ದೀಪವನ್ನು ಮಂಕು ಮಾಡುವುದಿಲ್ಲ, ಉರಿಯುವ ಹೊತ್ತನ್ನು ಕತ್ತರಿಸುತ್ತದೆ. ತೀರ ಕೆಳಗಿಳಿಸಿದರೆ ಸೆಕೆಂಡಿನ ಹತ್ತು ಸಾವಿರದ ಒಂದು ಭಾಗಕ್ಕೂ ಇಳಿಯುತ್ತದೆ. ನಾಲ್ಕು ಸೆಂಟಿಮೀಟರ್ ಅಗಲದ ಬುಗುರಿ ಸೆಕೆಂಡಿಗೆ ಇಪ್ಪತ್ತು ಸುತ್ತು ಹಾಕಿದರೂ ಅಷ್ಟರಲ್ಲಿ ಅದರ ಅಂಚು ಸರಿಯುವುದು ಕಾಲು ಮಿಲಿಮೀಟರ್. ಪವರನ್ನು ಅಲ್ಲಿಗಿಳಿಸಿ, ಮಿಕ್ಕ ಕೊರತೆಯನ್ನು ಐಎಸ್‌ಒ ಏರಿಸಿ ತುಂಬಿಸಿಕೊಂಡು ಕ್ಲಿಕ್ ಮಾಡಿದೆ. ಹಳದಿ ಹಸಿರು ಗೆರೆಗಳೆಲ್ಲ ಎಣಿಸುವಷ್ಟು ಸ್ಪಷ್ಟ, ಬುಗುರಿ ಮೊಳೆಯ ತುದಿಯಲ್ಲಿ ನೆಟ್ಟಗೆ ನಿಂತಿತ್ತು. ‘ಇದು ತಿರುಗ್ತಾನೇ ಇಲ್ವಲ್ಲ’ ಎಂದು ಹುಡುಗ ಮುಖ ಸಣ್ಣದು ಮಾಡಿದ.